ಸ್ಟಾಕ್ ಬ್ಲಾಕ್ ಮೇಲೆ 450 ಎಚ್‌ಪಿ: ರಸ್ತೆಯಲ್ಲಿ ಓಡುವ ಟರ್ಬೊ ಕಾರು ಕಟ್ಟುವ ಕ್ರಮ

ಕಂಪನಿಯಿಂದ ಬಂದ ಇಂಜಿನ್ನಿನ ಒಳಭಾಗ ಬದಲಿಸದೆ, ಹೊರಗಿನಿಂದ ಟರ್ಬೊ (ಎಕ್ಸಾಸ್ಟ್ ಹೊಗೆಯ ಬಲದಿಂದ ತಿರುಗಿ ಇಂಜಿನ್ನಿಗೆ ಗಾಳಿ ತುರುಕುವ ಪಂಪ್) ಕೂಡಿಸಿ, ಇದ್ದ ಶಕ್ತಿಯನ್ನು ಎರಡು ಪಟ್ಟು ಮಾಡುವುದು ಸಾಧ್ಯ. ಎಷ್ಟೋ ಜನ ಮಾಡಿ ವರ್ಷಗಟ್ಟಲೆ ಓಡಿಸಿದ್ದಾರೆ. ಅದೇ ಇಂಜಿನ್ನಿಗೆ ಅಷ್ಟೇ ಬೂಸ್ಟ್ (ಟರ್ಬೊ ತುರುಕುವ ಗಾಳಿಯ ಹೆಚ್ಚುವರಿ ಒತ್ತಡ) ಕೊಟ್ಟು ಕೆಲವೇ ದಿನಗಳಲ್ಲಿ ಬ್ಲಾಕಿಗೆ ತೂತು ಮಾಡಿಕೊಂಡವರೂ ಇದ್ದಾರೆ. ಟಾರ್ಕ್ (ಕ್ರ್ಯಾಂಕನ್ನು ತಿರುಗಿಸುವ ಬಲ) ಎಷ್ಟು ಬೇಗ ಏರುತ್ತದೆ, ನಾಕಿಂಗ್ (ಸಿಲಿಂಡರಿನಲ್ಲಿ ಇಂಧನ ಹಿಡಿತ ತಪ್ಪಿ ತಾನಾಗಿ ಸಿಡಿಯುವುದು) ಆಗುತ್ತದಾ, ಪೆಟ್ರೋಲ್ ಕೊನೆಯವರೆಗೂ ಸಾಕಾಗುತ್ತದಾ ಎಂಬುದರ ಮೇಲೆ ಇಂಜಿನ್ನಿನ ಆಯಸ್ಸು ನಿಂತಿದೆ. ಹಾಗಾಗಿ ಬೂಸ್ಟ್ ಏರಿಸುವ ಕೆಲಸ ಇಲ್ಲಿ ಎಲ್ಲಕ್ಕಿಂತ ಕೊನೆಗೆ ಬರುತ್ತದೆ.

ಏನು ಸ್ಟಾಕ್, ಅಂದರೆ ಕಂಪನಿ ಕೊಟ್ಟ ಹಾಗೇ ಉಳಿಯುತ್ತದೆ ಎಂಬುದು ಮೊದಲು ಸ್ಪಷ್ಟವಾಗಿರಲಿ. 1983ರಲ್ಲಿ ಬ್ರಾಬಮ್ ಕಾರಿನಲ್ಲಿ ನೆಲ್ಸನ್ ಪಿಕೆ ಫಾರ್ಮುಲಾ ಒನ್ ಚಾಂಪಿಯನ್ ಆದರು. ಅದರಲ್ಲಿದ್ದ 1.5 ಲೀಟರಿನ ಬಿಎಂಡಬ್ಲ್ಯು ಟರ್ಬೊ ಇಂಜಿನ್ನಿನ ಬ್ಲಾಕ್ ಮೂಲತಃ ರಸ್ತೆ ಕಾರುಗಳ ಎಂ10 ಬ್ಲಾಕ್. ಕೇಳೋಕೆ ಚೆನ್ನಾಗಿದೆ, ಆದರೆ ಅದರೊಳಗಿನ ಕ್ರ್ಯಾಂಕ್ (ತಿರುಗುವ ಮುಖ್ಯ ದಂಡ), ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕೋಲು), ಪಿಸ್ಟನ್ ಎಲ್ಲವೂ ರೇಸಿಗೆಂದೇ ಮಾಡಿದವು. ಇಲ್ಲಿ ನಾವು ಬ್ಲಾಕಿನ ಜೊತೆ ಒಳಗಿನ ಕ್ರ್ಯಾಂಕ್, ಕನೆಕ್ಟಿಂಗ್ ರಾಡ್, ಪಿಸ್ಟನ್‌ಗಳನ್ನೂ ಹಾಗೇ ಬಿಡುತ್ತಿದ್ದೇವೆ. ಇದು ಹೆಚ್ಚು ನಾಜೂಕಿನ ಕೆಲಸ.

ಲೆಕ್ಕ ಹಾಕಲು ಒಂದು ಉದಾಹರಣೆ ಬೇಕಲ್ವಾ? 3 ಲೀಟರ್, ಸಾಲಾಗಿ 6 ಸಿಲಿಂಡರ್, ಬೋರ್ (ಸಿಲಿಂಡರಿನ ಅಗಲ) 86 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 86 ಮಿ.ಮೀ. ಎಂದು ಇಟ್ಟುಕೊಳ್ಳೋಣ. ಟೊಯೊಟಾದ 2ಜೆಝಡ್ ಇಂಜಿನ್ನಿನ ಅಳತೆ ಇದೇ. ಗುರಿ ಕ್ರ್ಯಾಂಕಿನಲ್ಲಿ 450 ಎಚ್‌ಪಿ. ನಿಮ್ಮದು ಬೇರೆ ಇಂಜಿನ್ ಆಗಿದ್ದರೆ ಅಂಕಿಗಳನ್ನು ಬದಲಿಸಿ ಹಾಕಿಕೊಳ್ಳಿ, ಲೆಕ್ಕದ ದಾರಿ ಒಂದೇ.

ರಾಡ್ ಬಗ್ಗಿಸುವುದು ಟಾರ್ಕ್

ಶಕ್ತಿಯ ಸೂತ್ರ ಸುಲಭ. ಕಿಲೋವ್ಯಾಟ್ ಬೇಕಾದರೆ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿ. ಬಂದದ್ದನ್ನು 1.341ರಿಂದ ಗುಣಿಸಿದರೆ ಎಚ್‌ಪಿ.

ಈಗ ಎರಡು ಕಾರು ನೋಡಿ. ಮೊದಲನೆಯದಕ್ಕೆ ಚಿಕ್ಕ ಟರ್ಬೊ. 3500 ಆರ್‌ಪಿಎಂಗೇ ಪೂರ್ತಿ ಬೂಸ್ಟ್ ಬಂದು 650 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಆ ಹೊತ್ತಿಗೆ ಶಕ್ತಿ ಎಷ್ಟು? ಸುಮಾರು 319 ಎಚ್‌ಪಿ. ಎರಡನೆಯದಕ್ಕೆ ಸ್ವಲ್ಪ ದೊಡ್ಡ ಟರ್ಬೊ. ಟಾರ್ಕ್ ಎಲ್ಲಿಯೂ 500 ದಾಟುವುದಿಲ್ಲ, ಆದರೆ 6500 ಆರ್‌ಪಿಎಂವರೆಗೂ ಅಷ್ಟೇ ನಿಲ್ಲುತ್ತದೆ. ಅಲ್ಲಿ ಶಕ್ತಿ ಸುಮಾರು 456 ಎಚ್‌ಪಿ. ರಾಡ್ ಬಗ್ಗುವ ಅಪಾಯ ಜಾಸ್ತಿ ಇರುವುದು 319 ಎಚ್‌ಪಿಯ ಕಾರಿಗೆ! ಯಾಕೆಂದರೆ ರಾಡ್‌ಗೆ ಎಚ್‌ಪಿ ಗೊತ್ತಾಗುವುದಿಲ್ಲ. ಪಿಸ್ಟನ್ ತಲೆಯ ಮೇಲೆ ಒಂದೊಂದು ಸಲ ಬೀಳುವ ಹೊಡೆತ ಮಾತ್ರ ಗೊತ್ತಾಗುತ್ತದೆ, ಮತ್ತು ಆ ಹೊಡೆತದ ಅಳತೆಯೇ ಟಾರ್ಕ್. ಕಡಿಮೆ ಆರ್‌ಪಿಎಂನಲ್ಲಿ ಪಿಸ್ಟನ್ ನಿಧಾನವಾಗಿ ಇಳಿಯುವುದರಿಂದ ಒತ್ತಡ ಹೆಚ್ಚು ಹೊತ್ತು ಕೂತಿರುತ್ತದೆ, ನಾಕಿಂಗಿಗೂ ಸಮಯ ಸಿಗುತ್ತದೆ.

ಹಾಗಂತ ಆರ್‌ಪಿಎಂ ಏರಿಸುತ್ತಾ ಹೋಗುವಂತೆಯೂ ಇಲ್ಲ. ಪಿಸ್ಟನ್ನಿನ ತೂಕ ರಾಡನ್ನು ಎಳೆಯುವ ಬಲ ಆರ್‌ಪಿಎಂನ ವರ್ಗದಂತೆ ಏರುತ್ತದೆ. 6500ರಿಂದ 7500ಕ್ಕೆ ಹೋದರೆ ಎಳೆತ ಸುಮಾರು 33 ಶೇಕಡಾ ಜಾಸ್ತಿ. ಇದನ್ನು ಹೊರುವುದು ಕಂಪನಿ ಹಾಕಿದ ರಾಡ್ ಬೋಲ್ಟ್‌ಗಳು. ಸ್ಟಾಕ್ ಇಂಜಿನ್ನಿನಲ್ಲಿ ರೆಡ್‌ಲೈನ್ (ಆರ್‌ಪಿಎಂನ ಗರಿಷ್ಠ ಮಿತಿ) ಕಂಪನಿ ಇಟ್ಟಲ್ಲೇ ಇರಲಿ. ಮಧ್ಯದ ಟಾರ್ಕ್ ತಗ್ಗಿಸಿ, ಮೇಲಿನ ಆರ್‌ಪಿಎಂನಲ್ಲಿ ಅದನ್ನು ಹಿಡಿದು ನಿಲ್ಲಿಸಿ. ಟರ್ಬೊ ಆಯ್ಕೆ, ಬೂಸ್ಟ್ ಸೆಟ್ಟಿಂಗ್, ಗಾಡಿ ಓಡಿಸುವ ರೀತಿ, ಮೂರನ್ನೂ ಈ ಲೆಕ್ಕವೇ ತೀರ್ಮಾನಿಸುತ್ತದೆ.

ಹಂತ 1: ಇಂಜಿನ್ ತಡೆಯುವಂಥದ್ದಾ ನೋಡಿ

ಎಲ್ಲ ಬ್ಲಾಕೂ ಒಂದೇ ಅಲ್ಲ. ಎರಕದ ಕಬ್ಬಿಣದ ಬ್ಲಾಕ್‌ಗಳು ಸಾಮಾನ್ಯವಾಗಿ ಹೆಚ್ಚು ಸಹಿಸುತ್ತವೆ: ಟೊಯೊಟಾ 2ಜೆಝಡ್, ನಿಸ್ಸಾನ್ ಆರ್‌ಬಿ26, ಮಿತ್ಸುಬಿಷಿ 4ಜಿ63, ಜನರಲ್ ಮೋಟರ್ಸ್‌ನ ಹಳೆಯ ಟ್ರಕ್‌ಗಳಲ್ಲಿ ಬರುತ್ತಿದ್ದ ಕಬ್ಬಿಣದ ಬ್ಲಾಕಿನ 5.3 ಲೀಟರ್ ವಿ8. ಅಲ್ಯೂಮಿನಿಯಂ ಬ್ಲಾಕಿನಲ್ಲಿ ಸಿಲಿಂಡರ್ ಮೇಲ್ತುದಿಯ ಸುತ್ತ ಆಸರೆ ಇಲ್ಲದ ವಿನ್ಯಾಸವಿದ್ದರೆ, ಅಂದರೆ ಓಪನ್ ಡೆಕ್ ಆದರೆ, ಜಾಸ್ತಿ ಒತ್ತಡಕ್ಕೆ ಸಿಲಿಂಡರ್ ಅಲುಗಿ ಹೆಡ್ ಗ್ಯಾಸ್ಕೆಟ್ ಹೋಗಬಹುದು. ಆದರೆ ಬಿಎಂಡಬ್ಲ್ಯು ಎನ್54 ಓಪನ್ ಡೆಕ್ ಅಲ್ಯೂಮಿನಿಯಂ ಬ್ಲಾಕ್ ಆಗಿಯೂ ಒಳ್ಳೆಯ ಹೆಸರು ಪಡೆದಿದೆ. ಸುಬಾರುವಿನ ಟರ್ಬೊ ಇಜೆ25ರಲ್ಲಿ ಮೊದಲು ಸೋಲುವುದು ಬಹಳ ಸಲ ಪಿಸ್ಟನ್ನಿನ ರಿಂಗ್ ಕೂರುವ ಅಂಚು. ಹಾಗಾಗಿ ಬ್ಲಾಕ್ ಯಾವ ಲೋಹ ಎಂದಷ್ಟೇ ಕೇಳಬೇಡಿ. ಈ ಇಂಜಿನ್ನಿನಲ್ಲಿ ಮೊದಲು ಒಡೆಯುವ ಭಾಗ ಯಾವುದು ಎಂದು ಹುಡುಕಿ. ಅದೇ ನಿಮ್ಮ ಮಿತಿ.

ಕಂಪನಿಯಿಂದಲೇ ಟರ್ಬೊ ಜೊತೆ ಬಂದ ಇಂಜಿನ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಅವುಗಳ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಅಮುಕುತ್ತದೆ ಎಂಬ ಅನುಪಾತ, ಸಾಮಾನ್ಯವಾಗಿ ಕಡಿಮೆ (2ಜೆಝಡ್-ಜಿಟಿಇಯಲ್ಲಿ 8.5:1), ಎಷ್ಟೋ ಇಂಜಿನ್‌ಗಳಲ್ಲಿ ಪಿಸ್ಟನ್ ತಳಕ್ಕೆ ಆಯಿಲ್ ಚಿಮ್ಮಿಸುವ ನಳಿಕೆಗಳೂ ಇರುತ್ತವೆ. ಟರ್ಬೊ ಇಲ್ಲದ, 11:1ರ ಕಂಪ್ರೆಷನ್ ಇರುವ ಇಂಜಿನ್ನಿಗೂ ಹಾಕಬಹುದು. ಆದರೆ ಬೂಸ್ಟ್ ಕಡಿಮೆ ಇರಬೇಕು, ಇಂಧನ ಒಳ್ಳೆಯದಿರಬೇಕು.

ಇಂಜಿನ್ ಕೈಗೆ ಬಂದ ಮೇಲೆ ಮೊದಲು ಕಂಪ್ರೆಷನ್ ಟೆಸ್ಟ್. ಸಿಲಿಂಡರ್‌ಗಳ ರೀಡಿಂಗ್ ನಡುವಿನ ವ್ಯತ್ಯಾಸ 10 ಶೇಕಡಾ ಒಳಗೇ ಇರಬೇಕು. ಆಮೇಲೆ ಲೀಕ್‌ಡೌನ್ ಟೆಸ್ಟ್: ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವುದು. 10 ಶೇಕಡಾ ಒಳಗಿದ್ದರೆ ಸರಿ. 20ರ ಹತ್ತಿರ ಹೋದರೆ ಆ ಇಂಜಿನ್ನಿಗೆ ಟರ್ಬೊ ಹಾಕಬೇಡಿ. ಸೋರುವ ಸದ್ದು ಎಲ್ಲಿಂದ ಬರುತ್ತದೆ ಎಂದೂ ಕಿವಿಗೊಟ್ಟು ಕೇಳಿ. ಆಯಿಲ್ ಹಾಕುವ ಬಾಯಿಂದ ಬಂದರೆ ರಿಂಗ್, ಸೈಲೆನ್ಸರ್ ಕಡೆಯಿಂದ ಬಂದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ಇಂಜಿನ್ ಬಿಸಿಯಾದ ಮೇಲೆ ಆಯಿಲ್ ಪ್ರೆಷರ್ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐನಂತೆ ಇರಬೇಕು ಎಂಬುದು ಹಳೆಯ ಅಂದಾಜು, ಈಗಲೂ ಉಪಯೋಗಕ್ಕೆ ಬರುತ್ತದೆ. ಈ ಎಲ್ಲ ಅಂಕಿಗಳನ್ನೂ ಬರೆದಿಡಿ.

ಹಂತ 2: ಬಿಚ್ಚಬೇಕಾ, ಬೇಡವಾ

ನನ್ನ ಮಟ್ಟಿಗೆ, ಇಂಜಿನ್ ಚೆನ್ನಾಗಿದ್ದರೆ ಕೆಳಭಾಗ ಬಿಚ್ಚಲೇಬೇಡಿ. ಕಂಪನಿಯಲ್ಲಿ ಜೋಡಿಸಿದಷ್ಟು ಅಚ್ಚುಕಟ್ಟಾಗಿ ಮನೆ ಶೆಡ್ಡಿನಲ್ಲಿ ಮತ್ತೆ ಕೂಡಿಸುವುದು ಕಷ್ಟ. ಒಂದು ವಿನಾಯಿತಿ ಇದೆ, ಅದು ರಿಂಗ್ ಗ್ಯಾಪ್.

ಪಿಸ್ಟನ್ ರಿಂಗ್ ಪೂರ್ತಿ ಉಂಗುರವಲ್ಲ. ಎರಡು ತುದಿಗಳ ನಡುವೆ ಸಣ್ಣ ಸಂದಿ ಇರುತ್ತದೆ. ಬಿಸಿಗೆ ರಿಂಗ್ ಹಿಗ್ಗಿದಾಗ ಆ ಸಂದಿ ಕಿರಿದಾಗುತ್ತದೆ. 86 ಮಿ.ಮೀ. ಬೋರಿನ ಸುತ್ತಳತೆ 270 ಮಿ.ಮೀ. ಸಿಲಿಂಡರ್ ಗೋಡೆಗಿಂತ ರಿಂಗ್ 100 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 0.3 ಮಿ.ಮೀ. ಹಿಗ್ಗುತ್ತದೆ. ಟರ್ಬೊ ಇಲ್ಲದ ಇಂಜಿನ್ನಿಗೆ ಕಂಪನಿ ಬಿಟ್ಟ ಸಂದಿ ಅಷ್ಟೇ ಇದ್ದರೆ ಎರಡು ತುದಿಗಳು ಒಂದಕ್ಕೊಂದು ತಾಗುತ್ತವೆ. ಮುಂದೆ ಹಿಗ್ಗಲು ಜಾಗವಿಲ್ಲದೆ ರಿಂಗ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ, ಪಿಸ್ಟನ್ನಿನ ಅಂಚು ಮುರಿದು ಬರುತ್ತದೆ. ನೋಡಿದವರು "ಪಿಸ್ಟನ್ ವೀಕ್" ಅನ್ನುತ್ತಾರೆ. ಪಾಪ, ಪಿಸ್ಟನ್ನಿನದು ತಪ್ಪಿಲ್ಲ.

ಟರ್ಬೊಗೆ ಮೇಲಿನ ರಿಂಗಿನ ಸಂದಿ ಬೋರಿನ 0.0045ರಿಂದ 0.0055 ಪಟ್ಟು ಇಡುವುದು ರೂಢಿ. 86 ಮಿ.ಮೀ.ಗೆ ಅದು ಸುಮಾರು 0.39ರಿಂದ 0.47 ಮಿ.ಮೀ. ಕಂಪನಿಯ ಟರ್ಬೊ ಇಂಜಿನ್ ಆಗಿದ್ದು ಗುರಿ ಮಿತಿಯಲ್ಲಿದ್ದರೆ ಇದರ ಗೋಜಿಗೆ ಹೋಗಬೇಕಿಲ್ಲ. ಟರ್ಬೊ ಇಲ್ಲದ ಇಂಜಿನ್ನಿಗೆ ಜಾಸ್ತಿ ಬೂಸ್ಟ್ ಕೊಡುವುದಿದ್ದರೆ ಮಾತ್ರ ಪಿಸ್ಟನ್ ಹೊರತೆಗೆದು ರಿಂಗ್ ತುದಿಯನ್ನು ಅರದಿಂದ ಉಜ್ಜಿ ಸಂದಿ ಬಿಡಿಸುವುದು ಒಳ್ಳೆಯದು. ಹೇಗೂ ಬಿಚ್ಚಿದ್ದೀರಲ್ಲ, ಬೇರಿಂಗ್ ಹೊಸದು ಹಾಕಿ.

ಹೆಡ್ ಬೋಲ್ಟ್ ವಿಷಯಕ್ಕೆ ಬರೋಣ. ಸಿಲಿಂಡರಿನೊಳಗೆ ಉರಿಯುವಾಗ 100 ಬಾರ್ (1 ಬಾರ್ ಎಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡ) ಒತ್ತಡ ಬಂತು ಅಂದುಕೊಳ್ಳಿ. 86 ಮಿ.ಮೀ. ಬೋರಿನ ಮೇಲೆ ಅದು ಸುಮಾರು 5.9 ಟನ್ ತೂಕದಷ್ಟು ಬಲದಿಂದ ಹೆಡ್ಡನ್ನು ಮೇಲಕ್ಕೆ ತಳ್ಳುತ್ತದೆ. ಹೆಡ್ ತೆಗೆದಿದ್ದರೆ ಗಟ್ಟಿ ಸ್ಟಡ್‌ಗಳನ್ನೂ ಹಲವು ಪದರದ ಸ್ಟೀಲ್ ಗ್ಯಾಸ್ಕೆಟ್ಟನ್ನೂ ಹಾಕಿ. ತೆಗೆಯುವ ಅಗತ್ಯವೇ ಬರದಿದ್ದರೆ ಬಿಡಿ.

ವಾಲ್ವ್ ಸ್ಪ್ರಿಂಗ್ ಬಗ್ಗೆ ಯಾರೂ ಯೋಚಿಸುವುದಿಲ್ಲ. 34 ಮಿ.ಮೀ.ನ ಇನ್‌ಟೇಕ್ ವಾಲ್ವಿನ ಬೆನ್ನಿನ ಮೇಲೆ 1.1 ಬಾರ್ ಬೂಸ್ಟ್ ಬಿದ್ದರೆ ಸುಮಾರು 10 ಕೆ.ಜಿ. ಬಲದಿಂದ ವಾಲ್ವ್ ತೆರೆಯಲು ನೋಡುತ್ತದೆ. ಹಳೆಯ, ಸೋತ ಸ್ಪ್ರಿಂಗ್ ಇದ್ದರೆ ಮೇಲಿನ ಆರ್‌ಪಿಎಂನಲ್ಲಿ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ. ಅದು ಮಿಸ್‌ಫೈರ್ ತರಹವೇ ಕೇಳಿಸುವುದರಿಂದ ಜನ ಕಾಯಿಲ್ ಬದಲಿಸುತ್ತಾ ಕೂರುತ್ತಾರೆ.

ಹಂತ 3: ಟರ್ಬೊ ಆಯ್ಕೆ

ಪೆಟ್ರೋಲಿಗೆ ಒಂದು ಒರಟು ಲೆಕ್ಕ: ನಿಮಿಷಕ್ಕೆ 1 ಪೌಂಡ್ ಗಾಳಿಗೆ ಸುಮಾರು 10 ಎಚ್‌ಪಿ. 450 ಎಚ್‌ಪಿಗೆ ನಿಮಿಷಕ್ಕೆ 45 ಪೌಂಡ್, ಅಂದರೆ ಸುಮಾರು 20 ಕೆ.ಜಿ. ಗಾಳಿ. ನಮ್ಮ 3 ಲೀಟರ್ ಇಂಜಿನ್ 6500 ಆರ್‌ಪಿಎಂನಲ್ಲಿ ಇಷ್ಟು ಗಾಳಿ ನುಂಗಬೇಕಾದರೆ ಸುಮಾರು 1.1 ಬಾರ್ ಬೂಸ್ಟ್ ಬೇಕಾಗುತ್ತದೆ. ಸಮುದ್ರಮಟ್ಟದಲ್ಲಿ ಪ್ರೆಷರ್ ರೇಷಿಯೊ (ಹೊರಗಿನ ಗಾಳಿಯ ಒತ್ತಡದ ಎಷ್ಟು ಪಟ್ಟು ಎಂಬುದು) 2.1. ಫಿಲ್ಟರ್, ಇಂಟರ್‌ಕೂಲರ್‌ಗಳಲ್ಲಿ (ಟರ್ಬೊದಿಂದ ಬಂದ ಗಾಳಿ ತಣ್ಣಗಾಗಿಸುವ ರೇಡಿಯೇಟರ್) ಕಳೆದುಹೋಗುವುದನ್ನೂ ಸೇರಿಸಿ 2.2 ಅಥವಾ 2.3 ಎಂದು ಹಿಡಿಯಿರಿ. ಎತ್ತರದ ಊರಿನಲ್ಲಿ ಹೊರಗಿನ ಗಾಳಿಯೇ ತೆಳು. ಅಲ್ಲಿ ಅಷ್ಟೇ ಬೂಸ್ಟಿಗೆ ಟರ್ಬೊ ಇನ್ನೂ ಜಾಸ್ತಿ ತಿರುಗಬೇಕು.

ಈಗ ಟರ್ಬೊ ತಯಾರಕರು ಕೊಡುವ ಕಂಪ್ರೆಸರ್ ಮ್ಯಾಪ್ ತೆಗೆಯಿರಿ. ಅಡ್ಡ ಗೆರೆಯಲ್ಲಿ ಗಾಳಿಯ ಪ್ರಮಾಣ, ಉದ್ದ ಗೆರೆಯಲ್ಲಿ ಪ್ರೆಷರ್ ರೇಷಿಯೊ. 45 ಪೌಂಡ್, 2.3 ಸೇರುವ ಚುಕ್ಕೆ ಇಡಿ. ಆ ಚುಕ್ಕೆ ನಡುವಿನ ದಕ್ಷ ವಲಯದಲ್ಲಿ, 70 ಶೇಕಡಾ ಅಥವಾ ಮೇಲೆ ಬಿದ್ದರೆ ಚೆನ್ನ. ಎಡಗಡೆಯ ಸರ್ಜ್ ಗೆರೆಗೆ (ಗಾಳಿ ಹಿಮ್ಮುಖವಾಗಿ ಬಡಿಯಲು ಶುರುವಾಗುವ ಮಿತಿ) ಹತ್ತಿರವಾದರೆ ಟರ್ಬೊ ದೊಡ್ಡದಾಯಿತು. ಬಲ ಅಂಚಿಗೆ ಹೋದರೆ ಚಿಕ್ಕದಾಯಿತು, ಅದು ಗಾಳಿಗಿಂತ ಬಿಸಿಯನ್ನೇ ಜಾಸ್ತಿ ಕೊಡುತ್ತದೆ. ಇದೇ ಕೆಲಸವನ್ನು 3500, 4500, 5500 ಆರ್‌ಪಿಎಂಗೂ ಮಾಡಿ. ಒಂದೇ ಚುಕ್ಕೆ ನೋಡಿ ಟರ್ಬೊ ಕೊಂಡವರೇ ಜಾಸ್ತಿ.

ಬೂಸ್ಟ್ ಸ್ವಲ್ಪ ತಡವಾಗಿ ಬರುವ ಟರ್ಬೊ ಸ್ಟಾಕ್ ರಾಡ್‌ಗೆ ಹಿತ. 2500ಕ್ಕೇ ಬೂಸ್ಟ್ ಬೇಕು ಎಂದು ಆಸೆ ಪಡಬೇಡಿ. 3 ಲೀಟರಿಗೆ ಪೂರ್ತಿ ಬೂಸ್ಟ್ 4000ದ ಆಸುಪಾಸು ಬಂದರೆ ರಸ್ತೆಗೂ ಸಾಕು, ರಾಡ್‌ಗೂ ಸುರಕ್ಷಿತ.

ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಟರ್ಬೊ ತಪ್ಪಿಸಿ ಹೊರಬಿಡುವ ಬಾಗಿಲು) ಸ್ಪ್ರಿಂಗ್ ಮೆತ್ತಗಿರಲಿ, 0.5 ಬಾರ್‌ನದು. ಸ್ಪ್ರಿಂಗ್ ಎಷ್ಟಕ್ಕಿದೆಯೋ ಅದಕ್ಕಿಂತ ಕಡಿಮೆ ಬೂಸ್ಟ್ ಇಡಲು ಆಗುವುದಿಲ್ಲ, ಮೇಲಿನದನ್ನು ಸೊಲೆನಾಯ್ಡ್ (ಕಂಪ್ಯೂಟರ್ ನಡೆಸುವ ವಿದ್ಯುತ್ ವಾಲ್ವ್) ನೋಡಿಕೊಳ್ಳುತ್ತದೆ. ಸೊಲೆನಾಯ್ಡ್ ಕೆಟ್ಟರೂ ಬೂಸ್ಟ್ 0.5ಕ್ಕೆ ಇಳಿಯುವಂತೆ ಪೈಪ್ ಜೋಡಿಸಿ. ಸೊಲೆನಾಯ್ಡ್ ಪೂರ್ತಿ ಆಫ್ ಇದ್ದರೂ ಮೇಲಿನ ಆರ್‌ಪಿಎಂನಲ್ಲಿ ಬೂಸ್ಟ್ ತಾನಾಗಿ ಏರುತ್ತಾ ಹೋದರೆ ವೇಸ್ಟ್‌ಗೇಟಿನ ದಾರಿ ಸಾಲದು, ಅಥವಾ ಮ್ಯಾನಿಫೋಲ್ಡಿನಲ್ಲಿ ಅದನ್ನು ಕೂಡಿಸಿದ ಕೋನ ಸರಿಯಿಲ್ಲ. ಅದನ್ನು ಕಂಪ್ಯೂಟರಿನಲ್ಲಿ ಸರಿಪಡಿಸಲು ಆಗುವುದಿಲ್ಲ. ಬೆಸುಗೆ ಬಿಡಿಸಿ ಮತ್ತೆ ಮಾಡಬೇಕು.

ಟರ್ಬೊ ಆಯಿಲ್ ಪೈಪಿನಲ್ಲಿ ಎಲ್ಲರ ಗಮನ ಒಳಗೆ ಹೋಗುವ ಪೈಪಿನ ಮೇಲೆ. ತೊಂದರೆ ಕೊಡುವುದು ಹೊರಬರುವ ಪೈಪ್. ಟರ್ಬೊದಿಂದ ಆಯಿಲ್ ಒತ್ತಡದಿಂದ ಬರುವುದಿಲ್ಲ, ಸುಮ್ನೆ ತನ್ನ ಭಾರಕ್ಕೆ ಇಳಿಯುತ್ತದೆ. ಆದ್ದರಿಂದ ಪೈಪ್ ದಪ್ಪ ಇರಲಿ, ಒಳಗೆ 16 ಮಿ.ಮೀ. ಆದರೂ ಬೇಕು. ಎಲ್ಲಿಯೂ ಮೇಲಕ್ಕೆ ಬಾಗಬಾರದು. ಆಯಿಲ್ ಸಂಪ್‌ಗೆ (ಇಂಜಿನ್ ತಳದ ಆಯಿಲ್ ತೊಟ್ಟಿ) ಸೇರುವ ಜಾಗ ಆಯಿಲ್ ಮಟ್ಟಕ್ಕಿಂತ ಮೇಲಿರಬೇಕು. ಇಲ್ಲದಿದ್ದರೆ ಆಯಿಲ್ ಟರ್ಬೊದಲ್ಲೇ ನಿಂತು ಸೀಲ್ ದಾಟಿ ನೀಲಿ ಹೊಗೆ ಬರುತ್ತದೆ. ಬಾಲ್ ಬೇರಿಂಗ್ ಟರ್ಬೊ ಆದರೆ ಒಳಹೋಗುವ ಪೈಪಿಗೆ ತಯಾರಕರು ಹೇಳಿದ ಅಳತೆಯ ರಿಸ್ಟ್ರಿಕ್ಟರ್ ಹಾಕಿ. ಕ್ರ್ಯಾಂಕ್‌ಕೇಸ್ ಗಾಳಿ ಹೊರಹೋಗುವ ದಾರಿಗೂ ಚೆಕ್ ವಾಲ್ವ್ ಬೇಕು. ಬೂಸ್ಟ್ ಹಿಮ್ಮುಖವಾಗಿ ಒಳಗೆ ನುಗ್ಗಿದರೆ ಆಯಿಲ್ ಸೀಲ್‌ಗಳು ಕಿತ್ತು ಬರುತ್ತವೆ.

ಟರ್ಬೈನ್ (ಟರ್ಬೊದ ಎಕ್ಸಾಸ್ಟ್ ಕಡೆಯ ಚಕ್ರ) ಸುತ್ತ ಬಿಸಿ ವಿಪರೀತ, ಒಳಗೆ ಹರಿಯುವ ಹೊಗೆಯೇ 900 ಡಿಗ್ರಿ ಮುಟ್ಟುತ್ತದೆ. ಬ್ರೇಕ್ ಪೈಪ್, ಪೆಟ್ರೋಲ್ ಪೈಪ್, ವೈರಿಂಗ್‌ಗಳನ್ನು ದೂರ ಒಯ್ಯಿರಿ, ನಡುವೆ ತಗಡಿನ ಮರೆ ಇಡಿ. ಕಾರಿನಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲೇಬೇಕು. ನಿಮ್ಮಲ್ಲಿನ ಹೊಗೆ ಮತ್ತು ಸದ್ದಿನ ನಿಯಮ ಏನೆಂದು ಎಕ್ಸಾಸ್ಟ್ ಮಾಡಿಸುವ ಮೊದಲೇ ನೋಡಿಕೊಳ್ಳಿ. ಹೆಚ್ಚು ಹರಿವಿನ ಕ್ಯಾಟಲಿಟಿಕ್ ಕನ್ವರ್ಟರ್ ಹಾಕಿಯೂ ಈ ಶಕ್ತಿ ಬರುತ್ತದೆ.

ಹಂತ 4: ಗಾಳಿ ತಣ್ಣಗಾಗಲಿ

ಹೊರಗಿನ ಗಾಳಿ 30 ಡಿಗ್ರಿ ಇದೆ, ಕಂಪ್ರೆಸರ್ 70 ಶೇಕಡಾ ದಕ್ಷತೆಯಲ್ಲಿ ಅದನ್ನು ಎರಡು ಪಟ್ಟು ಒತ್ತಡಕ್ಕೆ ಅಮುಕಿತು. ಹೊರಬರುವ ಗಾಳಿ ಸುಮಾರು 124 ಡಿಗ್ರಿ. ದಕ್ಷತೆ 60ಕ್ಕೆ ಇಳಿದರೆ 139. ಇಷ್ಟು ಬಿಸಿ ಗಾಳಿ ಸಿಲಿಂಡರಿಗೆ ಹೋದರೆ ನಾಕಿಂಗ್ ಖಚಿತ. ಒಳ್ಳೆಯ ಇಂಟರ್‌ಕೂಲರ್ ಅದನ್ನು ಹೊರಗಿನ ಗಾಳಿಗಿಂತ 15, 20 ಡಿಗ್ರಿ ಹೆಚ್ಚಿನ ಮಟ್ಟಕ್ಕೆ ಇಳಿಸುತ್ತದೆ. ಇಂಟರ್‌ಕೂಲರ್ ಮುಂದೆ ಗಾಳಿ ಪಕ್ಕದಿಂದ ತಪ್ಪಿಸಿಕೊಳ್ಳದಂತೆ ತಗಡು ಮುಚ್ಚುವುದು ಅಗ್ಗದ ಕೆಲಸ, ಲಾಭ ದೊಡ್ಡದು.

ಹಂತ 5: ಪೆಟ್ರೋಲ್

ಟರ್ಬೊ ಇಂಜಿನ್ ಪ್ರತಿ ಎಚ್‌ಪಿಗೆ ಗಂಟೆಗೆ ಸುಮಾರು 0.6 ಪೌಂಡ್ ಪೆಟ್ರೋಲ್ ಕುಡಿಯುತ್ತದೆ. 450 ಎಚ್‌ಪಿಗೆ 270 ಪೌಂಡ್, ಅಂದರೆ 122 ಕೆ.ಜಿ., ಸುಮಾರು 163 ಲೀಟರ್. ಗಾಬರಿಯಾಗಬೇಡಿ, ಇದು ಒಂದು ಗಂಟೆ ಪೂರ್ತಿ ಕಾಲು ಒತ್ತಿಯೇ ಇದ್ದರೆ!

ಇದನ್ನು 6 ಇಂಜೆಕ್ಟರ್‌ಗಳಿಗೆ ಹಂಚಿ, ಯಾವುದೂ 85 ಶೇಕಡಾಗಿಂತ ಜಾಸ್ತಿ ಹೊತ್ತು ತೆರೆದಿರಬಾರದು ಎಂದು ಲೆಕ್ಕ ಹಾಕಿದರೆ ನಿಮಿಷಕ್ಕೆ 535ರಿಂದ 555 ಸಿಸಿಯ ಇಂಜೆಕ್ಟರ್ ಬೇಕು. 650 ಸಿಸಿಯದನ್ನು ಹಾಕಿ. 85 ಶೇಕಡಾ ಎಥನಾಲ್ ಇರುವ ಇ85 ಬಳಸುವುದಿದ್ದರೆ ಇಂಧನ 30ರಿಂದ 40 ಶೇಕಡಾ ಹೆಚ್ಚು ಬೇಕಾಗುತ್ತದೆ, ಆಗ ಇನ್ನೂ ದೊಡ್ಡದು. ಇ85 ಸಿಗುವವರಿಗೆ ಸ್ಟಾಕ್ ಇಂಜಿನ್ನಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ನಾಕಿಂಗ್ ತಡೆಯುವ ಗುಣ ಹೆಚ್ಚು, ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಬಿಸಿ ಹೀರುತ್ತದೆ. ಪೈಪ್ ಮತ್ತು ಸೀಲ್‌ಗಳು ಎಥನಾಲ್ ತಡೆಯುವಂಥವೇ ಆಗಿರಬೇಕು ಅಷ್ಟೇ.

ಪಂಪಿನ ಮೇಲೆ ಗಂಟೆಗೆ 255 ಲೀಟರ್ ಎಂದು ಬರೆದಿರುತ್ತದೆ. ಅದನ್ನು ಹಾಗೇ ನಂಬಬೇಡಿ. ಇಂಜೆಕ್ಟರ್ ಸರಿಯಾಗಿ ಸಿಂಪಡಿಸಲು ಇಂಧನದ ಒತ್ತಡ ಬೂಸ್ಟಿಗಿಂತ ಸದಾ 3 ಬಾರ್ ಮೇಲಿರಬೇಕು. 1.1 ಬಾರ್ ಬೂಸ್ಟ್ ಇದ್ದಾಗ ಫ್ಯೂಯೆಲ್ ರೈಲಿನಲ್ಲಿ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್) 4.1 ಬಾರ್. ಒತ್ತಡ ಏರಿದಂತೆ ಪಂಪ್ ಕೊಡುವ ಪ್ರಮಾಣ ಇಳಿಯುತ್ತದೆ. ವೋಲ್ಟೇಜ್ ಕಡಿಮೆಯಾದರೂ ಇಳಿಯುತ್ತದೆ. ಹಳೆಯ ತೆಳು ವೈರಿನಲ್ಲಿ ಹೊಸ ಪಂಪ್ ಓಡಿಸುವುದು ಬಹಳ ಕಡೆ ಕಾಣುವ ತಪ್ಪು. ಬ್ಯಾಟರಿಯಿಂದ ರಿಲೇ, ಫ್ಯೂಸ್ ಹಾಕಿ ದಪ್ಪ ವೈರ್ ಎಳೆಯಿರಿ.

ಹಂತ 6: ಇಸಿಯು (ಇಂಜಿನ್ನಿನ ಕಂಪ್ಯೂಟರ್), ಸೆನ್ಸರ್, ಕಾವಲು

ಹಣ ಕಡಿಮೆ ಬಿದ್ದರೆ ಟರ್ಬೊದಲ್ಲಿ ಉಳಿಸಿ, ಇಲ್ಲಿ ಉಳಿಸಬೇಡಿ. ಬೂಸ್ಟ್ ಓದಬಲ್ಲ 3 ಬಾರ್ ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡಿನ ಒತ್ತಡ ಅಳೆಯುವುದು), ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್, ಇನ್‌ಟೇಕ್ ಗಾಳಿಯ ತಾಪಮಾನ, ಆಯಿಲ್ ಪ್ರೆಷರ್, ಫ್ಯೂಯೆಲ್ ಪ್ರೆಷರ್, ನಾಕ್ ಸೆನ್ಸರ್. ಇವಿಷ್ಟೂ ಇಸಿಯುಗೆ ಸೇರಬೇಕು. ಡ್ಯಾಶ್‌ಬೋರ್ಡಿನಲ್ಲಿ ಗೇಜ್ ಇದ್ದರೆ ಸಾಲದು. ಬೂಸ್ಟ್ ಏರುವಾಗ ನೀವು ರಸ್ತೆ ನೋಡುತ್ತಿರುತ್ತೀರಿ, ಅಲ್ವಾ?

ನಾಕ್ ಸೆನ್ಸರ್ ಯಾವ ಸದ್ದು ಕೇಳಬೇಕು ಎಂಬುದು ಬೋರಿನಿಂದ ಗೊತ್ತಾಗುತ್ತದೆ. 1800ನ್ನು ಬೋರ್ ಮಿ.ಮೀ. ಮತ್ತು 3.14ರ ಗುಣಲಬ್ಧದಿಂದ ಭಾಗಿಸಿ. 86 ಮಿ.ಮೀ.ಗೆ ಸುಮಾರು 6.7 ಕಿಲೋಹರ್ಟ್ಸ್. ಅದನ್ನೇ ಹೊಂದಿಸಿ ಶುರು ಮಾಡಿ.

ಆಮೇಲೆ ಕಾವಲು. ಬೂಸ್ಟ್ ಗುರಿಗಿಂತ 0.2 ಬಾರ್ ಮೇಲೆ ಹೋದರೆ ಇಂಧನ ಪೂರ್ತಿ ಕಟ್. ಪೂರ್ತಿ ಬೂಸ್ಟಿನಲ್ಲಿ ಲ್ಯಾಂಬ್ಡಾ (ಗಾಳಿ, ಪೆಟ್ರೋಲ್ ಮಿಶ್ರಣದ ಅಳತೆ, 1ಕ್ಕಿಂತ ಕೆಳಗಿದ್ದರೆ ಪೆಟ್ರೋಲ್ ಜಾಸ್ತಿ) 0.88 ದಾಟಿದರೆ ಕಟ್. ಫ್ಯೂಯೆಲ್ ಪ್ರೆಷರ್ ಅಥವಾ ಆಯಿಲ್ ಪ್ರೆಷರ್ ಬಿದ್ದರೆ ಕಟ್. ಗಾಳಿ ಬಿಸಿಯಾದರೆ ಟೈಮಿಂಗ್ (ಕಿಡಿ ಹೊತ್ತಿಸುವ ಸಮಯ), ಬೂಸ್ಟ್ ಎರಡೂ ಇಳಿಯಬೇಕು. ಇದೇನು ಹೊಸ ಯೋಚನೆಯಲ್ಲ. 1962ರಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಟರ್ಬೊ ಕಾರಿನಲ್ಲಿ ಕಂಪ್ರೆಷನ್ 10.25:1 ಇತ್ತು. ನಾಕಿಂಗ್ ತಡೆಯಲು ನೀರು, ಮೆಥನಾಲ್ ಸೇರಿದ ದ್ರವವನ್ನು ಇಂಜಿನ್ನಿಗೆ ಸಿಂಪಡಿಸುತ್ತಿತ್ತು. ದ್ರವ ಮುಗಿದರೆ ಬೂಸ್ಟ್ ತಾನಾಗಿ ಇಳಿಯುವ ವ್ಯವಸ್ಥೆಯೂ ಇತ್ತು. ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಅಷ್ಟು ಮಾಡಿದ್ದರು. ನೀವೂ ನೀರು ಮೆಥನಾಲ್ ಸಿಂಪಡಿಸುವುದಿದ್ದರೆ ಟ್ಯಾಂಕ್ ಖಾಲಿಯಾದಾಗ ಬೂಸ್ಟ್ ಇಳಿಯುವ ಹಾಗೆ ಮಾಡಿ.

ಸ್ಪಾರ್ಕ್ ಪ್ಲಗ್ ಒಂದು ಅಥವಾ ಎರಡು ಹಂತ ತಣ್ಣಗಿನದು (ಬಿಸಿಯನ್ನು ಬೇಗ ಹೊರಬಿಡುವಂಥದ್ದು), ಗ್ಯಾಪ್ 0.6ರಿಂದ 0.7 ಮಿ.ಮೀ. ಅಗಲ ಗ್ಯಾಪ್ ಇದ್ದರೆ ಬೂಸ್ಟಿನಲ್ಲಿ ಕಿಡಿ ಆರಿಹೋಗುತ್ತದೆ.

ಹಂತ 7: ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ

ಮೊದಲ ಸ್ಟಾರ್ಟಿಗೆ ಮುಂಚೆ ಇಂಜೆಕ್ಟರ್, ಇಗ್ನಿಷನ್ ಕನೆಕ್ಷನ್ ತೆಗೆದು, ಆಯಿಲ್ ಪ್ರೆಷರ್ ಬರುವವರೆಗೆ ಸ್ಟಾರ್ಟರಿನಿಂದ ತಿರುಗಿಸಿ. ಒಣ ಟರ್ಬೊ ಕೆಲವೇ ಸೆಕೆಂಡಿನಲ್ಲಿ ಹಾಳಾಗುತ್ತದೆ. ಸ್ಟಾರ್ಟ್ ಆದ ಮೇಲೆ ಐಡ್ಲಿಂಗಿನಲ್ಲಿ ಸೋರಿಕೆ ಹುಡುಕಿ. ಬೂಸ್ಟ್ ಪೈಪ್‌ಗಳನ್ನು ಗಾಳಿ ತುಂಬಿ ಬೇರೆಯಾಗಿ ಟೆಸ್ಟ್ ಮಾಡಿ.

ಮೊದಲು ಬೂಸ್ಟ್ ಬಾರದ ಭಾಗವನ್ನೇ ಟ್ಯೂನ್ ಮಾಡಿಸಿ. ರಸ್ತೆ ಕಾರು ಬದುಕುವುದು ಅಲ್ಲೇ. ಆಮೇಲೆ ಸ್ಪ್ರಿಂಗಿನ 0.5 ಬಾರ್‌ನಲ್ಲಿ ಪೂರ್ತಿ ಥ್ರಾಟಲ್. ಲ್ಯಾಂಬ್ಡಾ 0.78ರಿಂದ 0.82, ಅಂದರೆ ಒಂದು ಪಾಲು ಪೆಟ್ರೋಲಿಗೆ 11.5ರಿಂದ 12 ಪಾಲು ಗಾಳಿಯ ಮಿಶ್ರಣ. ಟೈಮಿಂಗ್ ಬೇಕೆಂದೇ ಹಿಂದೆ ಇಟ್ಟು ಶುರು ಮಾಡಿ, ಒಂದೊಂದೇ ಡಿಗ್ರಿ ಮುಂದೆ ತನ್ನಿ. ಟಾರ್ಕ್ ಏರುವುದು ನಿಂತರೆ ಅಲ್ಲಿಗೆ ಸಾಕು. ನಾಕಿಂಗ್ ಕೇಳಿಸಿದರೆ 2 ಡಿಗ್ರಿ ವಾಪಸ್. ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ನಾಕಿಂಗೇ ಮೊದಲು ಬರುತ್ತದೆ. ಹಾಗಂತ ತೀರಾ ಹಿಂದೆ ಬಿಡಬೇಡಿ. ಉರಿ ಎಕ್ಸಾಸ್ಟಿನವರೆಗೂ ಮುಂದುವರಿದು ವಾಲ್ವ್, ಟರ್ಬೈನ್ ಬೇಯುತ್ತವೆ.

ಎಲ್ಲ ಸರಿ ಕಂಡರೆ ಬೂಸ್ಟ್ 0.15 ಬಾರ್‌ನಂತೆ ಏರಿಸಿ. ಪ್ರತಿ ಸಲವೂ ಲಾಗ್ ತೆರೆದು ನೋಡಿ: ಇಂಜೆಕ್ಟರ್ 85 ಶೇಕಡಾ ಒಳಗಿದೆಯಾ? ಇಂಧನದ ಒತ್ತಡ ಬೂಸ್ಟಿಗಿಂತ 3 ಬಾರ್ ಮೇಲೆಯೇ ನಿಂತಿದೆಯಾ, ಕೊನೆಗೆ ಜಾರುತ್ತಿದೆಯಾ? ಗಾಳಿಯ ತಾಪ ಎಷ್ಟು ಏರಿತು? ಮ್ಯಾನಿಫೋಲ್ಡಿನಲ್ಲಿ ಎಕ್ಸಾಸ್ಟ್ ಒತ್ತಡ ಅಳೆಯಲು ಒಂದು ಸಣ್ಣ ನಳಿಕೆ ಇಟ್ಟಿದ್ದರೆ ಅದನ್ನೂ ನೋಡಿ. ಅದು ಬೂಸ್ಟಿನ ಎರಡು ಪಟ್ಟು ದಾಟಿದರೆ ಟರ್ಬೈನ್ ಕಿರಿದು. ಅಲ್ಲಿಂದ ಮುಂದೆ ಬೂಸ್ಟ್ ಏರಿಸಿದರೆ ಬಿಸಿ ಮಾತ್ರ ಏರುತ್ತದೆ.

ಟಾರ್ಕ್ ಹಿಡಿತದಲ್ಲಿಡಲು ಬೂಸ್ಟನ್ನು ಆರ್‌ಪಿಎಂಗೆ ತಕ್ಕಂತೆ ಹೊಂದಿಸಿ. ನಮ್ಮ ಇಂಜಿನ್ನಿಗೆ 4000ದವರೆಗೆ 0.6 ಬಾರ್, ಅಲ್ಲಿಂದ 5000ಕ್ಕೆ 0.9, 6000 ದಾಟಿದ ಮೇಲೆ 1.1. ಕರ್ವ್ ನೋಡಿ ಇದನ್ನು ತಿದ್ದಿ, ಟಾರ್ಕ್ 500ರ ಗೆರೆ ದಾಟದಿರಲಿ. ಮೊದಲ, ಎರಡನೇ ಗೇರಿನಲ್ಲಿ ಇನ್ನೂ ಕಡಿಮೆ ಇಡಿ, ಹೇಗೂ ಟೈರ್ ಹಿಡಿಯುವುದಿಲ್ಲ. ಪೂರ್ತಿ ಬೂಸ್ಟ್ ಕೆಳಗಿನಿಂದಲೇ ಕೊಟ್ಟು ಡೈನೊ ಹಾಳೆಯಲ್ಲಿ ದೊಡ್ಡ ಟಾರ್ಕ್ ತೋರಿಸುವ ಟ್ಯೂನರ್ ಸಿಕ್ಕರೆ ಬೇರೆಯವರನ್ನು ಹುಡುಕಿ.

ಉಳಿದದ್ದು

500 ನ್ಯೂಟನ್ ಮೀಟರ್ ತಡೆಯುವ ಕ್ಲಚ್, ಅದಕ್ಕೆ ಒಗ್ಗುವ ಗೇರ್‌ಬಾಕ್ಸ್ ಮತ್ತು ಆಕ್ಸಲ್, ಒಳ್ಳೆಯ ಟೈರ್, ದೊಡ್ಡ ಬ್ರೇಕ್. ಬ್ರೇಕನ್ನು ಟರ್ಬೊಗಿಂತ ಮೊದಲೇ ಹಾಕಿಸಿ. ಥರ್ಮೊಸ್ಟಾಟ್ ಇರುವ ಆಯಿಲ್ ಕೂಲರ್ ಇರಲಿ. ಥರ್ಮೊಸ್ಟಾಟ್ ಇಲ್ಲದಿದ್ದರೆ ಚಳಿಯಲ್ಲಿ ಆಯಿಲ್ ಬಿಸಿಯೇ ಆಗುವುದಿಲ್ಲ.

ಓಡಿಸುವಾಗ ಎರಡೇ ನಿಯಮ. ಆಯಿಲ್ 80 ಡಿಗ್ರಿ ಆಗುವವರೆಗೆ ಬೂಸ್ಟ್ ಬೇಡ. ಟಾಪ್ ಗೇರಿನಲ್ಲಿ 2500 ಆರ್‌ಪಿಎಂನಿಂದ ಕಾಲು ಪೂರ್ತಿ ಒತ್ತಬೇಡಿ, ಒಂದು ಗೇರ್ ಇಳಿಸಿ ರೇಸ್ ಕೊಡಿ.

ಮೊದಲ ಆಯಿಲನ್ನು 500 ಕಿ.ಮೀ.ಗೆ ಬದಲಿಸಿ. ಆಮೇಲೆ ಒಳ್ಳೆಯ ಸಿಂಥೆಟಿಕ್ ಆಯಿಲ್, ಪ್ರತಿ 5000 ಕಿ.ಮೀ.ಗೆ. ಪ್ಲಗ್ ತೆಗೆದು ಬಿಳಿ ಪಿಂಗಾಣಿಯ ಮೇಲೆ ಅಲ್ಯೂಮಿನಿಯಂ ಚುಕ್ಕಿಗಳಿವೆಯಾ ನೋಡಿ, ಇದ್ದರೆ ಎಲ್ಲೋ ನಾಕಿಂಗ್ ಆಗುತ್ತಿದೆ. ವರ್ಷಕ್ಕೊಮ್ಮೆ ಲೀಕ್‌ಡೌನ್ ಮಾಡಿ ಬರೆದಿಟ್ಟ ಅಂಕಿಗಳ ಪಕ್ಕ ಇಡಿ. ಆಯಿಲ್ ಬದಲಿಸುವಾಗ ಹಳೆಯ ಫಿಲ್ಟರನ್ನು ಕತ್ತರಿಸಿ ಕಾಗದ ಬಿಡಿಸಿ. ನುಣ್ಣನೆಯ ಬೂದಿ ಬಣ್ಣದ ಪುಡಿ ಸ್ವಲ್ಪ ಇದ್ದರೆ ಪರವಾಗಿಲ್ಲ. ತಾಮ್ರದ ಬಣ್ಣದ ಚೂರು ಕಂಡರೆ ಬೇರಿಂಗ್ ಸವೆದು ಒಳಪದರ ಬಂದಿದೆ. ಗಾಡಿಯನ್ನು ಅಲ್ಲೇ ನಿಲ್ಲಿಸಿ, ಸಂಪ್ ಇಳಿಸಿ ನೋಡುವವರೆಗೆ ಸ್ಟಾರ್ಟ್ ಮಾಡಬೇಡಿ.